ಖಾತೆದಾರರೇ ಮಾತಾಡಬೇಕು

ಜುಲೈ ೨, ಮಂಗಳವಾರ. ರೋಣ

ಗದಗಿನ ಡಾಕ್ಟರು ಇಂದು ಸಾವಿತ್ರಿಯ ಕುತ್ತಿಗೆಯನ್ನು ಎರಡು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ‘ಗಂಟು ದನಿ ನರಕ್ಕ ತಾಗಿ ಬೆಳ್ಯಾಕತ್ತದ. ತಡಾ ಮಾಡಿದಷ್ಟೂ ದನಿಗೆ ತ್ರಾಸ’ ಎಂದರು. ಶಸ್ತ್ರಚಿಕಿತ್ಸೆ ಹದಿನೆಂಟಕ್ಕೆ. ಹುಬ್ಬಳ್ಳಿಯಿಂದ ಬರುವ ಸರ್ಜನ್ ಗದಗಿನ ಆ ದವಾಖಾನೆಗೆ ತಿಂಗಳಿಗೊಮ್ಮೆ ಮಾತ್ರ ಬರುತ್ತಾರೆ. ಹನ್ನೆರಡನೆಯ ತಾರೀಖಿನೊಳಗೆ ಮುಂಗಡ ಕಟ್ಟದಿದ್ದರೆ ನಮ್ಮ ಪಾಳಿ ಇನ್ನೊಬ್ಬರಿಗೆ.

ಬಸ್ಸಿನಲ್ಲಿ ಸಾವಿತ್ರಿ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು. ಆಮೇಲೆ, ‘ಮೂವತ್ತು ವರ್ಷ ಹುಡುಗರಿಗೆ ಒದರಿದ ದನಿ. ಸವದಿರಬೇಕು ಬಿಡ್ರಿ’ ಎಂದು ನಕ್ಕಳು. ನಗುವಿನ ಕೊನೆಗೆ ಕೆಮ್ಮು ಬಂತು. ನನಗೆ ನಗಲಾಗಲಿಲ್ಲ.

ನನ್ನ ಠೇವಣಿ ಈ ಬೇಸಿಗೆಯಲ್ಲಿ ಮನೆಯ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬು ಹಾಕಿಸಿದ್ದಕ್ಕೆ ಮುಗಿದಿದೆ. ಹಣವಿರುವುದು ಸಾವಿತ್ರಿಯ ಪಿಂಚಣಿ ಖಾತೆಯಲ್ಲಿ. ಅವಳು ಕೊನೆಗೆ ಶಿಕ್ಷಕಿಯಾಗಿದ್ದ ಗಜೇಂದ್ರಗಡದ ಶಾಖೆಯಲ್ಲೇ ಅದು ಇನ್ನೂ ಇದೆ. ‘ನನ್ನ ಕುತ್ತಿಗಿ, ನನ್ನ ರೊಕ್ಕ. ನೀವ್ಯಾಕ ಚಿಂತಿ ಮಾಡತೀರಿ?’ ಎಂದಳು.

ಚಿಂತೆ ಇರುವುದು ಬ್ಯಾಂಕಿನದು. ‘ನಿಮ್ಮ ಸುರಕ್ಷತೆಗಾಗಿ’ ಕಳೆದ ವಾರ ಫೋನಿನ ಆ್ಯಪ್ ಬದಲಿಸಿದ್ದಾರೆ. ಹಳೆಯ ಪಾಸ್‌ವರ್ಡು ರದ್ದು. ಹೊಸದು ಇಡಬೇಕು. ಕೊಡು, ಈಗಲೇ ಮಾಡಿಬಿಡುತ್ತೇನೆ ಎಂದೆ. ‘ನಾಳೆ ನಾನ ಮಾಡತೀನಿ, ಶಾಂತ ಕೂತು’ ಎಂದಳು.

ಶಾಂತವಂತೆ.

ಜುಲೈ ೩, ಬುಧವಾರ

ಪಾಸ್‌ವರ್ಡಿನ ನಿಯಮಗಳನ್ನು ಓದಿದೆ. ದೊಡ್ಡಕ್ಷರ ಬೇಕು, ಸಣ್ಣಕ್ಷರ ಬೇಕು, ಅಂಕಿ ಬೇಕು, ಒಂದು ಚಿಹ್ನೆ ಬೇಕು, ಹಿಂದೆ ಬಳಸಿದ್ದು ಬೇಡ, ಹೆಸರು ಬೇಡ, ಹುಟ್ಟಿದ ದಿನ ಬೇಡ. ಮನುಷ್ಯನಿಗೆ ನೆನಪಿರುವಂಥದ್ದು ಯಾವುದೂ ಬೇಡ. ನರಗುಂದದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು. ಪ್ರಜೆಯೊಬ್ಬ ತಾನು ತಾನೇ ಎಂದು ದಿನಕ್ಕೊಮ್ಮೆ ರುಜುವಾತು ಮಾಡಬೇಕಾದ ರಾಜ್ಯವನ್ನು ಯಾವ ಪಾಠದಲ್ಲೂ ಕಂಡಿರಲಿಲ್ಲ.

ಸಂದೇಶದ ಕೊನೆಗೆ ಹೀಗಿದೆ: ‘ನಿಮ್ಮ ಗುಪ್ತಪದವನ್ನು ಯಾರಿಗೂ ಹೇಳಬೇಡಿ. ಬ್ಯಾಂಕ್ ಸಿಬ್ಬಂದಿಗೂ ಬೇಡ, ಕುಟುಂಬದವರಿಗೂ ಬೇಡ.’

‘ಏನ ಇಡತಿ, ಹೇಳು’ ಎಂದೆ.

‘ಯಾರಿಗೂ ಹೇಳಬ್ಯಾಡಾ ಅಂದಾರಲ್ರಿ.’

‘ಆ “ಯಾರಿಗೂ” ಒಳಗ ನಾನೂ ಬರತೀನೇನು?’

‘ಕುಟುಂಬದವರಿಗೂ ಅಂತ ಬರದಾರ. ಯಾಕ, ನೀವು ಕುಟುಂಬ ಅಲ್ಲೇನು?’

ತಮಾಷೆ ಎಂದುಕೊಂಡೆ. ಅಲ್ಲ. ಫೋನನ್ನು ಎದೆಗೆ ಹಿಡಿದು ಒಳಗೆ ಹೋದಳು. ಒಟಿಪಿ ಬರಲಿಲ್ಲವಂತೆ, ಮತ್ತೆ ನಾಳೆಗೆ ಹೋಯಿತು.

ಎಂಬತ್ತರ ದಶಕದ ನರಗುಂದದ ಬ್ಯಾಂಕು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಾಳೆಯ ಬಿಲ್ಲೆ, ಮರದ ಕಟಕಟೆ, ಕ್ಯಾಶಿಯರ್ ಕುತುಬುದ್ದೀನ. ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತಾಗ ಅವನೂ ನಾನೂ ಒಂದೇ ಚಾದರ ಹೊದ್ದು ರಾತ್ರಿ ಕಳೆದವರು. ಆಗ ಸಾವಿತ್ರಿಯ ಸಂಬಳವೂ ಅಲ್ಲಿಯೇ ಬರುತ್ತಿತ್ತು. ತೆಗೆಯುತ್ತಿದ್ದವನು ನಾನು. ಅವಳಿಗೆ ಪುರಸೊತ್ತಿಲ್ಲದ ದಿನ ಚೀಟಿಯ ಮೇಲೆ ಅವಳ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಕುತುಬುದ್ದೀನ ನೋಡಿ ನಗುತ್ತಿದ್ದನೇ ಹೊರತು ಒಂದು ಪ್ರಶ್ನೆ ಕೇಳಿದವನಲ್ಲ. ಅದಕ್ಕೆ ನಂಬಿಕೆ ಎನ್ನುತ್ತಾರೆ.

ಜುಲೈ ೪, ಗುರುವಾರ

ಮಧ್ಯಾಹ್ನ ಅವಳು ಮಲಗಿದ್ದಳು. ಉಸಿರಿನ ಜೊತೆ ಸಣ್ಣದೊಂದು ಸೀಟಿಯಂಥ ಸದ್ದು ಬರುತ್ತಿತ್ತು. ಅದನ್ನು ಕೇಳುತ್ತ ಕೂತಿರುವುದು ನನ್ನಿಂದಾಗಲಿಲ್ಲ. ಕೆಲಸವನ್ನು ಯಾರಾದರೊಬ್ಬರು ಮುಗಿಸಬೇಕಲ್ಲ ಎಂದು ಫೋನು ತೆಗೆದುಕೊಂಡೆ.

ಒಂದು ಪ್ರಶ್ನೆ ಕೇಳಿತು: ‘ಚಿಕ್ಕಂದಿನಲ್ಲಿ ನಿಮ್ಮನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು?’ ಖಾತೆಗೆ ಆ್ಯಪ್ ಮಾಡಿಸಿದ ದಿನ ಇದಕ್ಕೆ ಉತ್ತರವನ್ನು ಅವಳೇ ಕೊಟ್ಟಿರಬೇಕು.

ಇದೇನು ದೊಡ್ಡ ಗುಟ್ಟು? ತವರಿನಲ್ಲಿ ಅವಳ ಹೆಸರು ಇಂದಿರಾ. ಲಗ್ನದಲ್ಲಿ ಹೆಸರು ಬದಲಿಸುವುದು ನಮ್ಮಲ್ಲಿ ಪದ್ಧತಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ‘ಸಾವಿತ್ರಿ’ ಎಂದು ಬರೆದವನು ನಾನು. ಆರಿಸಿದವನೂ ನಾನು. ಇಂದಿರಾ ಎಂದು ಹಾಕಿದೆ. ತಪ್ಪು ಎಂದಿತು. ಅವಳ ತಮ್ಮಂದಿರು ಇಂದಕ್ಕ ಎನ್ನುತ್ತಿದ್ದರು. ಅದೂ ತಪ್ಪು. ಅವಳ ಅವ್ವ ಏನೋ ಒಂದು ಹೆಸರು ಹಿಡಿದು ಕರೆಯುತ್ತಿದ್ದರು, ಹಿತ್ತಿಲಿನಿಂದ ಕೂಗುತ್ತಿದ್ದುದು ಕಿವಿಯಲ್ಲಿದೆ, ಪದ ಮಾತ್ರ ಬರಲೊಲ್ಲದು. ಮೂವತ್ತು ವರ್ಷದ ಹಿಂದಿನ ಮಂತ್ರಿಮಂಡಲವನ್ನು ಖಾತೆಸಹಿತ ಹೇಳಬಲ್ಲೆ. ಇದು ಬರಲಿಲ್ಲ. ಒಳಗಿನಿಂದ ಮಂಚ ಕಿರುಗುಟ್ಟಿತು. ಅವಸರದಲ್ಲಿ ‘ಸಾವಿತ್ರಿ’ ಎಂದೇ ಒತ್ತಿಬಿಟ್ಟೆ.

ಖಾತೆಯ ಆ್ಯಪ್ ಬಂದ್ ಆಗಿದೆ ಎಂದು ಕೆಂಪು ಅಕ್ಷರದಲ್ಲಿ ಬಂತು.

ಇಂಥ ಹುರುಳಿಲ್ಲದ ವ್ಯವಸ್ಥೆ ಮಾಡಿದವರನ್ನು ಏನೆನ್ನಬೇಕು?

ಜುಲೈ ೫, ಶುಕ್ರವಾರ

ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಚಾಪೆ ಹಾಸಿ, ಶಾಂತವಾಗಿ ಕೂತಳು. ಸ್ವಲ್ಪ ಹೊತ್ತಿಗೆ, ‘ಬಂದ್ ಅಂತ ಬರತದಲ್ರಿ! ಮೊನ್ನೆ ನಾನ ಏನರೆ ತಪ್ಪು ಒತ್ತೀನೇನು?’ ಎಂದಳು.

‘ಇರಬಹುದು’ ಎಂದೆ.

ಸೋಮವಾರ ನಾನೇ ಗಜೇಂದ್ರಗಡಕ್ಕೆ ಹೋಗಿ ಸರಿಮಾಡಿಸಿಕೊಂಡು ಬರುತ್ತೇನೆ, ನೀನು ಧೂಳಿನಲ್ಲಿ ಬರಬೇಡ ಎಂದು ಹೇಳಿದೆ. ಡಾಕ್ಟರು ದನಿಗೆ ವಿಶ್ರಾಂತಿ ಕೊಡಲು ಹೇಳಿದ್ದಾರಲ್ಲ. ‘ನನ್ನ ಕೈಯಾಗ ಇಂಥಾವೆಲ್ಲಾ ಆಗಂಗಿಲ್ಲ ಅನಸ್ತದ’ ಎಂದು ಫೋನನ್ನು ನನ್ನ ಕಡೆ ಸರಿಸಿದಳು.

ಮೂರು ದಿನದ ಹಿಂದೆ ಇದೇ ಫೋನಿಗಾಗಿ ಕೇಳಿಕೊಂಡಿದ್ದೆ. ಈಗ ಮುಟ್ಟಬೇಕೆನಿಸಲಿಲ್ಲ. ಯಾಕೋ ತಿಳಿಯದು.

ಜುಲೈ ೮, ಸೋಮವಾರ

ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಹೆಸರು ಬೆಳೆ ಹೂವಿಗೆ ಬಂದಿದೆ. ನನಗೆ ನೋಡುವ ಮನಸ್ಸಿರಲಿಲ್ಲ.

ಬ್ಯಾಂಕಿನಲ್ಲಿ ಬಟ್ಟು ಒತ್ತುವ ಯಂತ್ರದ ಮುಂದೆ ಪಾಳಿ. ಲಕ್ಕಲಕಟ್ಟಿಯ ಕಳಕವ್ವ ಎಂಬ ಮುದುಕಿ ಒಂದೊಂದೇ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಒತ್ತುತ್ತಿದ್ದಳು. ಕಳೆ ಕಿತ್ತು ಸವೆದ ಬೆರಳು. ಯಂತ್ರ ಒಪ್ಪಲೊಲ್ಲದು. ಗುಮಾಸ್ತ ಬೇಸರದಿಂದ, ‘ಹೆಸರೇನಬೇ?’ ಎಂದ.

‘ಹೆಸರ ಈ ಸಲ ಚಲೋ ಬಂದೈತ್ರೀ ಯಪ್ಪಾ. ಮಳಿ ಒಂದ ಕೈ ಕೊಡಬಾರದು ನೋಡ್ರಿ.’

ಪಾಳಿಯೆಲ್ಲ ನಕ್ಕಿತು. ಗುಮಾಸ್ತನೂ ನಕ್ಕ. ಬೆರಳು ಮಾತ್ರ ಬರಲಿಲ್ಲ.

ಸಹಾಯಕ ಮ್ಯಾನೇಜರ್ ನಿಲೋಫರ ಎಂಬ ಹೆಣ್ಣುಮಗಳು. ಸೌಜನ್ಯವಿದೆ, ಸಡಿಲವಿಲ್ಲ. ನಾನು ದವಾಖಾನೆಯ ಕಾಗದ ತೋರಿಸಿದೆ, ಪಾಸ್‌ಬುಕ್ಕು ತೋರಿಸಿದೆ, ಗ್ರಾಹಕನ ಹಕ್ಕುಗಳ ಬಗ್ಗೆಯೂ ಎರಡು ಮಾತು ಹೇಳಿದೆ.

‘ಎಲ್ಲಾ ಖರೇ ಸರ್. ಆದ್ರ ಖಾತೆದಾರರೇ ಬರಬೇಕು. ಇಲ್ಲಾಂದ್ರ ಅಮ್ಮಾರ ಸಹಾಯವಾಣಿಗೆ ಫೋನ್ ಮಾಡ್ಲಿ. ಖಾತೆದಾರರೇ ಮಾತಾಡಬೇಕು.’

‘ಆಕಿ ಪರವಾಗಿ ನಾನ ಮಾತಾಡೂದು. ನಲವತ್ತು ವರ್ಷದಿಂದ ಮಾತಾಡಿಕೋತ ಬಂದೀನಿ.’

‘ಅದಕ್ಕ ಸರ್’ ಎಂದಳು, ‘ಈ ಸಲ ಅವರು ಮಾತಾಡ್ಲಿ.’

ಪಕ್ಕದಲ್ಲಿ ಕಳಕವ್ವ ಬಾಯಿ ಹಾಕಿದಳು. ‘ಹೆಂಗಸಿನ ಪುಸ್ತಕಾ ಹಿಡ್ಕೊಂಡು ಗಂಡಸು ಬಂದ್ರ ಅವರರ ಹ್ಯಾಂಗ ನಂಬ್ಯಾರ್ರೀ? ನನ್ನ ಪುಸ್ತಕಾ ಹಿಡ್ಕೊಂಡು ನನ್ನ ಗಂಡ ಬಂದ್ರ ನಾನ ನಂಬಂಗಿಲ್ಲ!’

ಮತ್ತೆ ನಗು. ನಾನು ಛತ್ರಿ ಎತ್ತಿಕೊಂಡು ಹೊರಬಿದ್ದೆ.

ಸಾವಿತ್ರಿಯನ್ನು ಕರೆತರಬಹುದು. ಆದರೆ ಯಾವ ದಿನ ಬಂದ್ ಆಯಿತು, ಯಾಕೆ ಆಯಿತು ಎಂದು ಅವರು ಅವಳೆದುರು ತೆಗೆದು ತೋರಿಸುತ್ತಾರೆ. ಆಪರೇಷನ್ನಿನ ಮೊದಲು ಅವಳ ಮನಸ್ಸಿಗೆ ನೋವಾಗುವುದು ಒಳ್ಳೆಯದಲ್ಲ.

ಜುಲೈ ೯, ಮಂಗಳವಾರ

ಇದು ಬರೆದಿಡುವಂಥದ್ದಲ್ಲ. ಆದರೂ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಸಾವಿತ್ರಿ ಬಾಜೂ ಮನೆಗೆ ಹೋದಾಗ ಅವಳ ಫೋನಿನಿಂದಲೇ ಸಹಾಯವಾಣಿಗೆ ಮಾತಾಡಿದೆ. ಅವಳ ದನಿ ಈಗ ಹೇಗೂ ಗೊಗ್ಗರು. ನನ್ನದನ್ನು ಸ್ವಲ್ಪ ಸಣ್ಣ ಮಾಡಿದೆ, ನಡುವೆ ಕೆಮ್ಮಿದೆ. ಆ ಕಡೆ ಬೆಂಗಳೂರಿನ ಹುಡುಗಿ. ಹುಟ್ಟಿದ ದಿನ ಕೇಳಿದಳು, ಹೇಳಿದೆ. ವಿಳಾಸ ಕೇಳಿದಳು, ಹೇಳಿದೆ. ಸಲೀಸಾಗಿ ನಡೆದಿತ್ತು.

‘ಖಾತೆಯ ನಾಮಿನಿ ಯಾರು ಮೇಡಂ?’

‘ನಮ್ಮವರು.’

‘ಹೆಸರು ಹೇಳಿ.’

ಸಾವಿತ್ರಿ ನನ್ನ ಹೆಸರನ್ನು ಬಾಯಿಂದ ಎಂದೂ ಹೇಳಿದವಳಲ್ಲ. ಕಾಗದದ ಮೇಲೆ ಬರೆಯುತ್ತಾಳೆ, ಅಷ್ಟೇ. ಅವಳಾಗಿ ಮಾತಾಡುವಾಗ ನನ್ನ ನಾಲಿಗೆಗೂ ಅದೇ ಬಂತು. ‘ಗಂಡನ ಹೆಸರ ಹೇಳಂಗಿಲ್ರೀ ನಾವು.’

ಹುಡುಗಿ ನಕ್ಕಳು. ‘ಪರವಾಗಿಲ್ಲ ಮೇಡಂ, ಒಂದೇ ಸಲ ಹೇಳಿ.’

ನನಗೆ ನಿಜವಾಗಿಯೂ ನಾಚಿಕೆಯಾಯಿತು. ತಗ್ಗಿದ ದನಿಯಲ್ಲಿ ‘ಜಯತೀರ್ಥ’ ಎಂದೆ.

ಕೀಲಿಮಣೆಯ ಸದ್ದು. ‘ಅದು ನಮ್ಮ ದಾಖಲೆಗೆ ಹೊಂದ್ತಾ ಇಲ್ಲ ಮೇಡಂ.’

‘ಹ್ಯಾಂಗ ಹೊಂದಂಗಿಲ್ಲ!’

ಇದು ನನ್ನ ದನಿ. ಕೊನೆಯ ಬೆಂಚಿನವರೆಗೆ ಹೋಗುತ್ತಿದ್ದ ದನಿ.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ‘ಸರ್, ಯಾರು ಮಾತಾಡ್ತಿರೋದು?’

ಫೋನು ಇಟ್ಟುಬಿಟ್ಟೆ.

ಸಂಜೆಯ ತನಕ ಒಂದೇ ಯೋಚನೆ. ನಾಮಿನಿ ನಾನಲ್ಲದಿದ್ದರೆ ಯಾರು?

ಜುಲೈ ೧೦, ಬುಧವಾರ

ನಾನು ಸ್ನಾನದಲ್ಲಿದ್ದಾಗ ಬ್ಯಾಂಕಿನಿಂದ ಅವಳಿಗೆ ಫೋನು ಬಂದಿದೆ. ಯಾರೋ ಗಂಡಸು ನಿಮ್ಮಂತೆ ಮಾತಾಡಿ ಖಾತೆಗೆ ಕೈಹಾಕಲು ನೋಡಿದ್ದಾನೆ, ಖಾತೆಯನ್ನೇ ಸ್ತಂಭನ ಮಾಡಿದ್ದೇವೆ, ಗುರುತಿನ ಕಾಗದ ತಗೊಂಡು ಖುದ್ದು ಬನ್ನಿ ಎಂದಿದ್ದಾರೆ.

ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು. ಹಿತ್ತಿಲ ಬಾಗಿಲಿಗೂ ಹಾಕಿಸಿದಳು. ಹಾಡಹಗಲು.

‘ನನ್ನ ಹಂಗ ಮಾತಾಡ್ಯಾನಂತ್ರಿ. ನನ್ನ ದನಿ ಎಲ್ಲೆ ಕೇಳ್ಯಾನು ಅವ? ನಮ್ಮ ಮನಿ ಸುತ್ತ ಎಲ್ಲೆರೆ ನಿಂತು ಕೇಳಿರಬೇಕಲ್ಲಾ?’

‘ಏನೂ ಆಗಂಗಿಲ್ಲ. ಸುಮ್ನಿರು.’

‘ಶುಕ್ರವಾರ ರೊಕ್ಕಾ ಕಟ್ಟಬೇಕು. ಒಂದ ತಿಂಗಳು ಮುಂದ ಹೋದ್ರ ಈ ದನಿ ಉಳೀತದೇನ್ರಿ?’

ತಟ್ಟೆಯ ಮುಂದೆ ಕೂತೆ. ರೊಟ್ಟಿ ಮುರಿದೆ. ಮುರಿದದ್ದನ್ನೇ ಮತ್ತೆ ಮುರಿದೆ.

ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬ್ಯಾಂಕನ್ನು ಬೈದೆ.

ಜುಲೈ ೧೧, ಗುರುವಾರ

ಮೊದಲ ಬಸ್ಸಿಗೇ ಹೊರಟೆವು. ಹೆಂಗಸರ ಉಚಿತ ಟಿಕೇಟಿಗೆ ಕಂಡಕ್ಟರು ಅವಳ ಆಧಾರ್ ಕೇಳಿದ. ಬೇರೆ ದಿನವಾಗಿದ್ದರೆ ಅವನೊಡನೆ ವಾದ ಹೂಡುತ್ತಿದ್ದೆ.

ನಿಲೋಫರ ಸಾವಿತ್ರಿಯನ್ನು ಎದುರಿಗೆ ಕೂಡಿಸಿಕೊಂಡಳು. ನಾನೂ ಕುರ್ಚಿ ಎಳೆಯಲು ಹೋದೆ. ‘ಸರ್, ನೀವು ಆ ಹಳದಿ ಗೀಟಿನ ಹಿಂದ ನಿಂದರ್ರಿ’ ಎಂದಳು. ನೆಲದ ಮೇಲೊಂದು ಪಟ್ಟಿ ಬಳಿದಿದ್ದಾರೆ. ಅದರ ಹಿಂದೆ ನಿಂತೆ. ಮಾತು ಅಲ್ಲಿಗೂ ಕೇಳಿಸುತ್ತಿತ್ತು.

ಮೊದಲು ಬಟ್ಟು, ಸಹಿ, ಫೋಟೊ. ಅವಳು ಅವಳೇ ಎಂದು ಯಂತ್ರ ಒಪ್ಪಿತು. ನಂತರ ನಿಲೋಫರ ಪರದೆ ನೋಡುತ್ತ, ‘ನಾಲ್ಕನೇ ತಾರೀಖಿಗೆ ನಿಮ್ಮ ಫೋನಿನ್ಯಾಗನ ಮೂರು ಸಲ ತಪ್ಪು ಉತ್ತರಾ ಬಿದ್ದಾವ್ರಿ’ ಎಂದಳು.

‘ನಾಲ್ಕನೇ ತಾರೀಖು ನಾ ಫೋನ ಮುಟ್ಟಿಲ್ಲಲ್ಲಾ.’

‘ಒಂಬತ್ತಕ್ಕ ಫೋನ್ ಬಂದದ್ದೂ ನಿಮ್ಮ ನಂಬರಿನಿಂದನ. ಮಾತಾಡಿದವ ಗಂಡಸು. ನಾಮಿನಿ ಕೇಳಿದಾಗ, ಗಂಡನ ಹೆಸರ ಹೇಳಂಗಿಲ್ಲಾ ಅಂದಾನಂತ.’ ನಿಲೋಫರಳಿಗೆ ನಗು ತಡೆಯುವುದು ಕಷ್ಟವಾಗಿತ್ತು. ‘ಆಮ್ಯಾಲೆ ಜಯತೀರ್ಥ ಅಂತ ಹೇಳ್ಯಾನ. ಹಂಗಂದ್ರ ಯಾರ್ರಿ ಅಮ್ಮಾ?’

ಸಾವಿತ್ರಿ ತಿರುಗಿ ನೋಡಲಿಲ್ಲ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೆನ್ನು ನೆಟ್ಟಗಾಯಿತು.

‘ಇನ್ನ ಎರಡ ದಾರಿ ಅವ’ ಎಂದಳು ನಿಲೋಫರ, ದನಿ ಗಂಭೀರ ಮಾಡಿಕೊಂಡು. ‘ಯಾರೋ ಮೋಸಗಾರ ಅಂದ್ರ ದೂರು ಬರಕೋತೀನಿ. ವಿಚಾರಣಿ ಮುಗಿಯೂತನಾ ಖಾತೆ ಬಂದ್. ಇಲ್ಲಾ, ಮಾಡಿದವರು ನಿಮಗ ಗೊತ್ತಿದ್ದವರು, ನೀವು ಒಪ್ಪಿಗಿ ಕೊಟ್ಟಿದ್ದಿಲ್ಲ, ಅವರ ಮ್ಯಾಲೆ ದೂರಿಲ್ಲ ಅಂತ ಹೆಸರು ಹಿಡದು ಹೇಳಿದ್ರ ಇವತ್ತ ಬಿಡಸ್ತೀನಿ. ರೆಕಾರ್ಡ್ ಆಗತದ. ಬಾಯಲೇ ಹೇಳಬೇಕು.’

‘ಬರದು ಕೊಟ್ರ ನಡ್ಯಂಗಿಲ್ಲೇನವಾ?’

‘ಇಲ್ರಿ ಅಮ್ಮಾ.’

ಫ್ಯಾನಿನ ಸದ್ದು. ಹಿಂದಿನ ಪಾಳಿಯಲ್ಲಿ ಯಾರೋ ಆಕಳಿಸಿದರು. ನಾನು ಆ ಪಟ್ಟಿ ದಾಟಿ ಹೋಗಿ, ನಾನೇ ಹೇಳುತ್ತೇನೆ ಬಿಡಿ ಎನ್ನಬೇಕೆಂದುಕೊಂಡೆ. ಅಲ್ಲಿ ನನ್ನ ಮಾತಿಗೆ ಬೆಲೆಯಿರಲಿಲ್ಲ.

ಸಾವಿತ್ರಿ ಗಂಟಲು ಸರಿಮಾಡಿಕೊಂಡಳು. ಒಮ್ಮೆ ದನಿ ಒಡೆಯಿತು. ಮತ್ತೆ ಹಿಡಿದಳು.

‘ಜಯತೀರ್ಥ. ನನ್ನ ಗಂಡ. ನಾ ಒಪ್ಪಿಗಿ ಕೊಟ್ಟಿದ್ದಿಲ್ಲ. ದೂರು ಇಲ್ಲ.’

ಕ್ಲಾಸಿನಲ್ಲಿ ಹಾಜರಿ ಕರೆಯುವಾಗಿನ ದನಿ. ಶಾಖೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಹೆಸರು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ‘ಹಾಜರ್’ ಎನ್ನುವಂತಾಯಿತು.

ವಾಪಸು ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತಳು. ರೋಣ ಬಂದ ಮೇಲೆ, ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಮಾತಾಡಿದಳು.

‘ನನ್ನ ಕೈಯಾಗ ಏನೂ ಆಗಂಗಿಲ್ಲ ಅಂತ ಐದಾರು ದಿವಸ ನನಗ ನಾನ ಅಂದುಕೊಂಡೆ. ನಿನ್ನೆ ಕಳ್ಳ ಬಂದಾನಂತ ಚಿಲಕಾ ಹಾಕಿ ಕೂತೆ. ನೀವು ಒಳಗನ ಇದ್ರಿ.’

ಸ್ವಲ್ಪ ದೂರ ಹೋಗಿ ನಾನೇ ಕೇಳಿದೆ. ‘ನಾಮಿನಿ ಯಾರು?’

‘ನಮ್ರತಾ.’ ನರಗುಂದದಲ್ಲಿರುವ ನಮ್ಮ ಮಗಳು.

‘ನಾ ಯಾಕ ಅಲ್ಲ?’

‘ನಾ ಹೋದ ಮ್ಯಾಲೆ ನೀವು ಬ್ಯಾಂಕಿಗೆ ಹೋಗಿ ಭಾಷಣಾ ಮಾಡತೀರಿ. ಅಕಿ ಕೆಲಸಾ ಮಾಡಕೊಂಡು ಬರತಾಳ.’

‘ನಾ ಹೋದ ಮ್ಯಾಲೆ’ ಎಂಬಲ್ಲಿಯೇ ನನ್ನ ಕಿವಿ ನಿಂತಿತು. ಉಳಿದ ಟೀಕೆ ಸರಿಯೋ ತಪ್ಪೋ ಎಂದು ಈಗಲೂ ಯೋಚಿಸಿಲ್ಲ.

ಜುಲೈ ೧೨, ಶುಕ್ರವಾರ

ಮುಂಗಡ ಸಂದಾಯವಾಯಿತು. ಅವಳೇ ಚಾಪೆ ಹಾಸಿ ಕೂತು ಕಟ್ಟಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ನಿಜಕ್ಕೂ ಹೊರಗೆ ಗಾಳಿ ಚೆನ್ನಾಗಿತ್ತು.

ಜುಲೈ ೧೭, ಬುಧವಾರ. ಗದಗ

ಭರ್ತಿ ಮಾಡಿಕೊಂಡರು. ಕಾಗದದ ಮೇಲೆ, ದನಿ ಶಾಶ್ವತವಾಗಿ ಹೋಗಬಹುದು ಎಂದು ಮುದ್ರಿಸಿದೆ. ಎಲ್ಲರಿಗೂ ಹೀಗೇ ಕೊಡುತ್ತೇವೆ ಎನ್ನುತ್ತಾರೆ. ಸಹಿ ಅವಳದು. ನಾನು ಪೆನ್ನು ಕೊಟ್ಟೆ.

ಅವಳ ಅವ್ವ ಹಿತ್ತಿಲಿನಿಂದ ಕರೆಯುತ್ತಿದ್ದ ಹೆಸರನ್ನು ಕೇಳಬೇಕೆನಿಸಿತು. ಬ್ಯಾಂಕಿಗಾಗಿ ಅಲ್ಲ. ನಾಳೆ ಕೇಳಿದರೆ ಹೇಳಲು ದನಿ ಇರುತ್ತದೋ ಇಲ್ಲವೋ ಎಂದು. ಆದರೆ ಅದೇ ಅವಳ ಗುಪ್ತ ಉತ್ತರ. ಕೇಳಲಿಲ್ಲ.

ಜುಲೈ ೧೮, ಗುರುವಾರ

ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿದೆ. ಬರೆಯಲಾರೆ.

ಸಂಜೆ: ಹೊರಗೆ ತಂದಿದ್ದಾರೆ. ಗಂಟು ಪೂರ್ತಿ ಬಂದಿದೆಯಂತೆ. ದನಿಯ ಬಗ್ಗೆ ಕೇಳಿದೆ. ‘ಎಚ್ಚರಾಗಿ ಮಾತಾಡಿದಾಗ ತಿಳೀತದ್ರಿ’ ಎಂದರು. ಎಚ್ಚರವಾಗಿದ್ದಾಳೆ. ಮಾತಾಡಿಲ್ಲ.

ಜುಲೈ ೧೯, ಶುಕ್ರವಾರ

ಬೆಳಿಗ್ಗೆಯೂ ಮಾತಿಲ್ಲ. ಕಣ್ಣು ತೆರೆದು ಛಾವಣಿ ನೋಡುತ್ತಾಳೆ. ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ಮುಟ್ಟುತ್ತಾಳೆ. ಪ್ರಯತ್ನ ಮಾಡಲು ಹೆದರಿದ್ದಾಳೆಂದು ಕಾಣುತ್ತದೆ. ಮಾತಾಡು ಎನ್ನಲು ನನಗೂ ಹೆದರಿಕೆ.

ಸಿಸ್ಟರ್ ಬಂದು ನನ್ನ ಕಡೆ ತಿರುಗಿ, ‘ಅಜ್ಜಾರ, ಅಮ್ಮಾಗ ಕುಡೀಲಿಕ್ಕೆ ಏನ ತರ್ಲಿ? ಹಾಲೋ, ಗಂಜಿಯೋ?’ ಎಂದಳು.

ಹಾಲು ಅವಳಿಗೆ ಸೇರುವುದಿಲ್ಲ, ಗಂಜಿಗೆ ಉಪ್ಪು ಕಡಿಮೆ ಇರಬೇಕು, ಬಿಸಿ ಹೆಚ್ಚಿರಬಾರದು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು.

‘ಅವರನ್ನ ಕೇಳ್ರಿ’ ಎಂದೆ.

ಸಿಸ್ಟರ್ ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟಳು. ಸಾವಿತ್ರಿಯ ತುಟಿ ಅಲುಗಿತು. ಸಿಸ್ಟರ್ ಜೋರಾಗಿ ನಕ್ಕು, ನನ್ನ ಕಡೆ ಒಮ್ಮೆ ನೋಡಿ, ಮತ್ತೆ ನಕ್ಕು ಹೊರಗೆ ಹೋದಳು.

ಗೊಗ್ಗರು ಸದ್ದೊಂದು ನನ್ನವರೆಗೂ ಬಂತು, ಸಾವಿತ್ರಿ ಏನು ಹೇಳಿದಳೋ ತಿಳಿಯಲಿಲ್ಲ. ದನಿ ಇದೆ.